ಕತ್ತಿಗೆ ಪೆಟ್ಟಾಗಿ ಮನೆಗೆ ಬಂದ ಮೇಲೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ನಮ್ಮ ಮನೆಯವರಿಗೆ 36 ವರ್ಷ. ಕಳೆದ ಕೊಯ್ಲಿನಲ್ಲಿ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಕತ್ತಿನ ಮೂಳೆ ಮುರಿಯಿತು. ಆಪರೇಷನ್ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಸಿ6 ಕ್ವಾಡ್ರಿಪ್ಲೀಜಿಯಾ ಎಂದಿದೆ. ಮನೆಗೆ ಬಂದು ಎರಡು ತಿಂಗಳಾಯಿತು. ಭುಜ ಆಡಿಸುತ್ತಾರೆ, ಮೊಣಕೈ ಮಡಚುತ್ತಾರೆ, ಮಣಿಕಟ್ಟು ಎತ್ತುತ್ತಾರೆ. ಬೆರಳು, ಕಾಲು ಆಡುವುದಿಲ್ಲ. ಮೂತ್ರಕ್ಕೆ ಪೈಪ್ ಹಾಕಿದ್ದಾರೆ. ಕಳೆದ ವಾರ ಎರಡು ಸಲ ಇದ್ದಕ್ಕಿದ್ದಂತೆ ತಲೆ ಸಿಡಿಯುವಷ್ಟು ನೋವು ಬಂತು, ಮುಖವೆಲ್ಲ ಬೆವರಿತು. ಊರಿನ ಡಾಕ್ಟರು ಬಿಪಿ ನೋಡಿ 140 ಇದೆ, ಪರವಾಗಿಲ್ಲ ಎಂದರು. ಸೊಂಟದ ಕೆಳಗೆ ಒಂದು ಕಡೆ ಕೆಂಪಗಾಗಿದೆ. ಅತ್ತೆ ಕಾಲಿಗೆ ಬಿಸಿ ಕಾವು ಕೊಡು ಅಂತಾರೆ. ಯಾರೋ ಸ್ಟೆಮ್ ಸೆಲ್ ಹಾಕಿಸಿದರೆ ನಡೀತಾರೆ ಅಂದರು. ಅವರು ಮಾತಾಡುವುದನ್ನೇ ಬಿಟ್ಟಿದ್ದಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಒಬ್ಬಳೇ ಹೇಗೆ ನಿಭಾಯಿಸಲಿ?

ಉತ್ತರ: ಅಮ್ಮಾ, ನೀವು ಬರೆದದ್ದರಲ್ಲಿ ಆ ತಲೆನೋವಿನ ವಿಷಯ ಮೊದಲು ಹೇಳಬೇಕು. ಉಳಿದದ್ದಕ್ಕೆ ನಾಳೆಯವರೆಗೆ ಕಾಯಬಹುದು, ಇದಕ್ಕೆ ಆಗುವುದಿಲ್ಲ.

ಸಿ6 ಕ್ವಾಡ್ರಿಪ್ಲೀಜಿಯಾ ಅಂದರೆ ಕತ್ತಿನ ಆರನೇ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ನಾಲ್ಕರ ಸ್ವಾಧೀನಕ್ಕೂ ಧಕ್ಕೆಯಾಗಿದೆ ಅಂತ. ಹೀಗೆ ಕತ್ತಿಗೆ ಪೆಟ್ಟಾದವರಿಗೆ ಹೊಟ್ಟೆ, ಮೂತ್ರಕೋಶ, ಕಾಲು ಎಲ್ಲೇ ತೊಂದರೆಯಾದರೂ ಗೊತ್ತಾಗುವುದಿಲ್ಲ. ಆದರೆ ಕೆಳಗಿನ ನರಗಳು ಸುಮ್ನೆ ಕೂರುವುದಿಲ್ಲ. ಮೂತ್ರಕೋಶ ತುಂಬಿ ಬಿಗಿದರೆ ಅವು ಗಾಬರಿಯಾಗಿ ರಕ್ತನಾಳಗಳನ್ನು ಬಿಗಿಯುತ್ತವೆ. ಸಾಕು, ಸಡಿಲ ಬಿಡು ಎಂದು ಮೆದುಳು ಹೇಳಿದ್ದು ಕತ್ತಿನಿಂದ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಬಿಪಿ ಒಂದೇ ಸಮನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ಮೈ ಜುಮ್ಮೆಂದು ರೋಮ ನಿಲ್ಲುತ್ತದೆ. ಇದನ್ನು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು, ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ನಿಮ್ಮ ಡಾಕ್ಟರು 140 ನೋಡಿ ಪರವಾಗಿಲ್ಲ ಅಂದಿದ್ದಾರೆ. ಬೇರೆಯವರಿಗೆ ಅದು ದೊಡ್ಡ ವಿಷಯವಲ್ಲ, ನಿಜ. ಆದರೆ ಕತ್ತಿನ ಮಟ್ಟದಲ್ಲಿ ಪೆಟ್ಟಾದವರ ಮೇಲಿನ ಬಿಪಿ ಮಾಮೂಲಿ ದಿನಗಳಲ್ಲಿ 90ರಿಂದ 110ರ ಒಳಗೇ ಇರುತ್ತದೆ. 100 ಇರುವವರಿಗೆ 140 ಅಂದರೆ 40 ಏರಿದೆ ಅಂತ ಅರ್ಥ. ಅವರ ಮಟ್ಟಿಗೆ 20 ಏರಿದರೂ ಎಚ್ಚರವಾಗಬೇಕು. ಮನೆಗೊಂದು ಬಿಪಿ ಮಷೀನ್ ತನ್ನಿ. ಅವರು ಆರಾಮಾಗಿರುವಾಗ ಒಂದು ವಾರ ದಿನಾ ನೋಡಿ ಬರೆದಿಡಿ. ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಎಷ್ಟು ಏರಿದೆ ಎಂದು ಯಾವ ಡಾಕ್ಟರಿಗೂ ಹೇಳಲು ಆಗುವುದಿಲ್ಲ.

ಮತ್ತೆ ತಲೆನೋವು ಬಂದರೆ ಮಲಗಿಸಬೇಡಿ. ತಕ್ಷಣ ಎತ್ತಿ ಕೂರಿಸಿ, ಕಾಲು ಮಂಚದಿಂದ ಕೆಳಗೆ ಇಳಿಬಿಡಿ. ಉಡಿದಾರ, ಸೊಂಟದ ಪಟ್ಟಿ, ಕಾಲುಚೀಲ, ಪಂಚೆಯ ಗಂಟು, ಬಿಗಿಯಾದದ್ದೆಲ್ಲ ಸಡಿಲಿಸಿ. ಆಮೇಲೆ ಮೂತ್ರದ ಪೈಪನ್ನು ಮೈಯಿಂದ ಚೀಲದ ತನಕ ಬೆರಳಲ್ಲಿ ಹಿಡಿದು ನೋಡುತ್ತಾ ಹೋಗಿ. ಎಲ್ಲೋ ತೊಡೆ ಕೆಳಗೆ ಸಿಕ್ಕಿಕೊಂಡಿರುತ್ತದೆ, ಮಡಚಿರುತ್ತದೆ, ಇಲ್ಲವೇ ಚೀಲ ತುಂಬಿ ಮೇಲಕ್ಕೆ ಒತ್ತುತ್ತಿರುತ್ತದೆ. ನಾನು ಕಂಡ ಮಟ್ಟಿಗೆ ಜಾಸ್ತಿ ಸಲ ಕಾರಣ ಇಲ್ಲೇ ಸಿಗುತ್ತದೆ. ಪೈಪ್ ನೆಟ್ಟಗಿದ್ದೂ ಮೂತ್ರ ಬರುತ್ತಿಲ್ಲ ಅಂದರೆ ಒಳಗೆ ಕಟ್ಟಿಕೊಂಡಿದೆ. ಕೂಡಲೇ ನರ್ಸ್ ಹತ್ತಿರ ಬದಲಾಯಿಸಿಕೊಳ್ಳಬೇಕು. ಮೂತ್ರ ಸರಿಯಾಗಿ ಬರುತ್ತಿದ್ದರೆ ಮಲ ಗಟ್ಟಿಯಾಗಿ ನಿಂತಿರಬಹುದು, ಹುಣ್ಣಾಗಿರಬಹುದು, ಕಾಲುಗುರು ಮಾಂಸಕ್ಕೆ ಹೊಕ್ಕಿರಬಹುದು. ಐದೈದು ನಿಮಿಷಕ್ಕೆ ಬಿಪಿ ನೋಡುತ್ತಿರಿ. ಕಾರಣ ಸಿಗದಿದ್ದರೆ, ಬಿಪಿ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕೂರಿಸಿಕೊಂಡೇ ಹೋಗಿ. ಈ ತೊಂದರೆಯ ಹೆಸರು ಮತ್ತು ಅವರ ಮಾಮೂಲಿ ಬಿಪಿಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಅಂಗಿ ಜೇಬಲ್ಲಿಡಿ. ಇಂಥ ಕೇಸು ವರ್ಷಕ್ಕೊಂದೂ ನೋಡದ ಡಾಕ್ಟರಿಗೆ ಆ ಚೀಟಿ ದೊಡ್ಡ ಸಹಾಯ.

ಇನ್ನು ಕಾವಿನ ಮಾತು. ಅತ್ತೆಯವರು ಪ್ರೀತಿಯಿಂದ ಹೇಳುತ್ತಿದ್ದಾರೆ, ಅವರ ಮೇಲೆ ಬೇಸರ ಬೇಡ. ಆದರೆ ಮುಟ್ಟಿದ್ದು ಗೊತ್ತಾಗದ ಚರ್ಮಕ್ಕೆ ಬಿಸಿ ತಾಗಿಸಲೇಬಾರದು. ಹಾಸನ ಕಡೆಯ ಒಬ್ಬ ಹುಡುಗನಿಗೆ ಚಳಿ ಅಂತ ತಾಯಿ ಪಾದದ ಹತ್ತಿರ ಬಿಸಿನೀರಿನ ಚೀಲ ಇಟ್ಟು ಮಲಗಿದ್ದರು. ಬೆಳಿಗ್ಗೆ ಎದ್ದಾಗ ಹಿಮ್ಮಡಿ ಬೆಂದಿತ್ತು. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಆ ಗಾಯ ಮಾಗಲು ಐದು ತಿಂಗಳು ಬೇಕಾಯಿತು, ಆ ಐದು ತಿಂಗಳು ಅವನ ವ್ಯಾಯಾಮ, ಕೂರುವುದು ಎಲ್ಲ ನಿಂತಿತು. ಬಚ್ಚಲ ಹಂಡೆಯ ನೀರನ್ನು ಮೈಗೆ ಹಾಕುವ ಮುಂಚೆ ನಿಮ್ಮ ಮೊಣಕೈ ಅದ್ದಿ ನೋಡಿ. ಬಿಸಿ ಅನ್ನದ ಸ್ಟೀಲ್ ತಟ್ಟೆಯನ್ನು ತೊಡೆ ಮೇಲೆ ಇಡಬೇಡಿ. ಚಾರ್ಜ್ ಆಗುತ್ತಿರುವ ಮೊಬೈಲನ್ನು ಮೈಗೆ ಒತ್ತಿ ಇಡಬೇಡಿ. ಅತ್ತೆಯವರಿಗೆ ಕೈ ಸುಮ್ಮನಿರುವುದಿಲ್ಲ ಅಂದರೆ ತಣ್ಣನೆ ಎಣ್ಣೆ ಹಚ್ಚಲಿ, ಒತ್ತಿ ತಿಕ್ಕುವುದು ಬೇಡ, ಕೆಂಪಾದ ಜಾಗಕ್ಕಂತೂ ಎಣ್ಣೆಯೇ ಬೇಡ. ಒಂದೇ ಕಾಲು ಊದಿದ್ದರೆ ಎಣ್ಣೆಯೂ ಬೇಡ, ವ್ಯಾಯಾಮವೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕತ್ತಿನ ಕೆಳಗೆ ಅವರಿಗೆ ಸರಿಯಾಗಿ ಬೆವರುವುದೂ ಇಲ್ಲ, ಹಾಗಾಗಿ ಸೆಕೆ ಜಾಸ್ತಿಯಾದರೆ ಮೈ ಕಾಯುತ್ತದೆ. ಫ್ಯಾನ್ ಹಾಕಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಚಳಿಗೆ ಕಂಬಳಿ ಒಂದರ ಮೇಲೊಂದು ಹೊದಿಸಿ, ಬೆಂಕಿ ಬೇಡ.

ಸೊಂಟದ ಕೆಳಗಿನ ಕೆಂಪಿಗೆ ಬರೋಣ. ಆ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು ಆಮೇಲೆ ಬಣ್ಣ ಮರಳಿದರೆ ಇನ್ನೂ ಸಮಯವಿದೆ. ಬಿಳಿಚದೆ ಹಾಗೇ ಇದ್ದರೆ ಒಳಗೆ ಹಾಸಿಗೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿದೆಯಾ, ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಎಂದು ಕೈಯಲ್ಲಿ ನೋಡಬೇಕು. ಹೇಗಿದ್ದರೂ ಇವತ್ತಿಂದ ಆ ಜಾಗದ ಮೇಲೆ ಭಾರ ಬೀಳಕೂಡದು. ಪೂರ್ತಿ ಮಾಯುವ ತನಕ ಅಂಗಾತ ಮಲಗಿಸಬೇಡಿ. ಚರ್ಮ ಕಿತ್ತಿದ್ದರೆ ನರ್ಸ್ ಅಥವಾ ಡಾಕ್ಟರಿಗೆ ತೋರಿಸಿ.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ಡಾಕ್ಟರು ಬೆನ್ನುಹುರಿ ಪೆಟ್ಟಾದ ಸೈನಿಕರಿಗಾಗಿ ಒಂದು ವಾರ್ಡ್ ಶುರು ಮಾಡಿದರು. ಅದುವರೆಗೆ ಇಂಥವರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಗಟ್‌ಮನ್ ಹಗಲು ರಾತ್ರಿ ಎರಡೆರಡು ಗಂಟೆಗೆ ಅವರ ಮಗ್ಗುಲು ಬದಲಿಸುವ ನಿಯಮ ಮಾಡಿದರು. ಇವತ್ತಿಗೂ ಅದಕ್ಕಿಂತ ದೊಡ್ಡ ಔಷಧಿ ಬಂದಿಲ್ಲ. ಮಗ್ಗುಲಾಗಿ ಮಲಗಿಸುವಾಗ ಪೂರ್ತಿ ಪಕ್ಕೆ ಮೇಲೆ ಹಾಕಬೇಡಿ, ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು. ತೋಳು ಹಿಡಿದು ಎಳೆಯಬೇಡಿ. ಭುಜದ ಕೀಲು ಜಾರುತ್ತದೆ, ಚರ್ಮವೂ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಬೆನ್ನಿಂದ ತೊಡೆಯವರೆಗೆ ಬರುವಂತೆ ಒಂದು ಮಡಿಸಿದ ಬೆಡ್‌ಶೀಟ್ ಹಾಕಿ, ಇಬ್ಬರು ಎರಡು ಕಡೆ ಅದನ್ನೇ ಹಿಡಿದು ಎತ್ತಿ ಸರಿಸಿ.

ಕೂರಿಸುವಾಗ ಮಧ್ಯೆ ತೂತಿರುವ ಟ್ಯೂಬ್ ಕೊಡಬೇಡಿ. ಅದು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದೆ. ಗಾಳಿ ತುಂಬುವ ಹಾಸಿಗೆ ತಂದಿದ್ದರೆ ಒಳ್ಳೆಯದೇ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ ಅಲ್ವಾ? ಗಾಳಿ ಇಳಿದರೆ ಅವರು ಬರೀ ಮಂಚದ ಹಲಗೆ ಮೇಲೆ ಮಲಗಿದಂತೆ. ಕೆಳಗೆ ಒಂದು ದಪ್ಪ ಫೋಮ್ ಹಾಸಿಗೆ ಇರಲೇಬೇಕು. ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಅರೆ ಒದ್ದೆ ಹಾಸು ಹಾಕಬೇಡಿ, ಚರ್ಮ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಇರುವೆ, ಇಂಬಳ, ಇಲಿ ಯಾವುದು ಕಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ.

ಗಾಲಿಕುರ್ಚಿಯಲ್ಲಿ ಕೂತಾಗ ಅರ್ಧ ಗಂಟೆಗೊಮ್ಮೆಯಾದರೂ ಕುಂಡೆಯ ಭಾರ ಇಳಿಸಬೇಕು. ಮಂಚಕ್ಕೆ ಎದುರಾಗಿ ಕುರ್ಚಿ ನಿಲ್ಲಿಸಿ, ಬ್ರೇಕ್ ಹಾಕಿ, ಎದೆಯನ್ನು ಮಂಚದ ಮೇಲಿಟ್ಟ ದಿಂಬಿಗೆ ಒರಗಿಸಿ ಎರಡು ನಿಮಿಷ ಬಿಡಿ. ಮುಂದೆ ಅವರೇ ಕುರ್ಚಿಯ ಹಿಂದಿನ ಹಿಡಿಗೆ ಮೊಣಕೈ ಸಿಕ್ಕಿಸಿ ಪಕ್ಕಕ್ಕೆ ವಾಲುವುದನ್ನು ಕಲಿಯಬಹುದು. ಸಿ6 ಇರುವವರಿಗೆ ಅಷ್ಟು ಶಕ್ತಿ ಇರುತ್ತದೆ. ಎತ್ತಿ ಕೂರಿಸಿದ ಕೂಡಲೇ ಕಣ್ಣು ಕತ್ತಲೆ ಬಂದರೆ ಹೆದರಬೇಡಿ, ಬಿಪಿ ಇಳಿದಿರುತ್ತದೆ. ಕುರ್ಚಿ ಹಿಂದಕ್ಕೆ ವಾಲಿಸಿ ಕಾಲು ಮೇಲೆತ್ತಿ. ಕೂರಿಸುವ ಮುಂಚೆ ಹೊಟ್ಟೆಗೆ ಪಟ್ಟಿ ಕಟ್ಟಿ, ನಿಧಾನವಾಗಿ ಎಬ್ಬಿಸಿದರೆ ಕ್ರಮೇಣ ಅಭ್ಯಾಸವಾಗುತ್ತದೆ.

ಈಗ ಅವರ ಕೈ. ನೀವು ಕೇಳದೇ ಇದ್ದರೂ ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಯ ನನ್ನ ಇಪ್ಪತ್ತು ವರ್ಷದಲ್ಲಿ ನನಗೆ ಜಾಸ್ತಿ ಸಂಕಟ ಕೊಟ್ಟದ್ದು ಇದೇ. ಅವರ ಅಂಗೈ ಕೆಳಮುಖವಾಗಿ ಮೇಜಿನ ಮೇಲಿರಲಿ. ಮಣಿಕಟ್ಟನ್ನು ಮೇಲಕ್ಕೆ ಎತ್ತಲು ಹೇಳಿ. ಬೆರಳುಗಳನ್ನೇ ನೋಡಿ. ಮಣಿಕಟ್ಟು ಏರಿದಂತೆ ಬೆರಳು ತಾವಾಗೇ ಒಳಕ್ಕೆ ಮಡಚುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ಒತ್ತುತ್ತದೆ. ಮಣಿಕಟ್ಟು ಇಳಿಬಿಟ್ಟರೆ ಬೆರಳು ಬಿಚ್ಚುತ್ತವೆ. ಬೆರಳಿಗೆ ಒಂದಿಷ್ಟೂ ಶಕ್ತಿ ಇಲ್ಲ. ಇದು ಸ್ನಾಯುರಜ್ಜುಗಳ ಸಹಜ ಬಿಗಿತ ಅಷ್ಟೇ. ಆದರೆ ಆ ಹಿಡಿತದಲ್ಲಿ ಒಂದು ಬಿಸ್ಕತ್ತು, ಒಂದು ಪೆನ್ನು, ಬಾಚಣಿಗೆ ನಿಲ್ಲುತ್ತದೆ. ಮುಂದೆ ಅವರು ತಾವೇ ತಿನ್ನಬೇಕಾದರೆ ಇರುವ ಬಂಡವಾಳ ಇದೊಂದೇ.

ಇದನ್ನು ಮನೆಯವರೇ ತಿಳಿಯದೆ ಹಾಳು ಮಾಡಿಬಿಡುತ್ತಾರೆ. ಬೆರಳು ಮಡಚಿಕೊಂಡಿದೆ ಅಂತ ದಿನಾ ಅಂಗೈ ಪೂರ್ತಿ ಅಗಲಿಸಿ, ಮಣಿಕಟ್ಟನ್ನೂ ಹಿಂದಕ್ಕೆ ಬಗ್ಗಿಸಿ ಎಳೆಯುತ್ತಾರೆ. ರಜ್ಜುಗಳು ಸಡಿಲವಾಗಿ ಹಿಡಿತವೇ ಹೊರಟುಹೋಗುತ್ತದೆ, ಆಮೇಲೆ ಮರಳಿ ಬರುವುದಿಲ್ಲ. ಹಾಗಾಗಿ ನೆನಪಿಡಿ: ಬೆರಳು ಬಿಚ್ಚುವಾಗ ಮಣಿಕಟ್ಟು ಕೆಳಗೆ ಬಗ್ಗಿರಬೇಕು. ಮಣಿಕಟ್ಟು ಎತ್ತುವಾಗ ಬೆರಳು ಮಡಚಿರಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಬಾರದು. ಕೈ ಊರಿ ಕೂರುವಾಗಲೂ ಬೆರಳು ಮುಷ್ಟಿಯಾಗಿರಲಿ. ಮನೆಗೆ ಬರುವ ಫಿಸಿಯೋಥೆರಪಿಸ್ಟಿಗೂ ಧೈರ್ಯವಾಗಿ ಹೇಳಿ.

ಊಟಕ್ಕೆ ಒಂದು ಸಣ್ಣ ಉಪಾಯ. ಅಂಗೈ ಸುತ್ತ ಬರುವಂತೆ ಎರಡು ಬೆರಳಗಲದ ಮೆತ್ತನೆ ಪಟ್ಟಿ, ಕೈಹಿಂಬದಿಯಲ್ಲಿ ವೆಲ್ಕ್ರೋ, ಅಂಗೈ ಕಡೆ ಚಮಚದ ಹಿಡಿ ತೂರಿಸಲು ಒಂದು ಜೇಬು. ಊರಿನ ಟೈಲರ್ ಅರ್ಧ ಗಂಟೆಯಲ್ಲಿ ಹೊಲಿದುಕೊಡುತ್ತಾರೆ. ಅದೇ ಜೇಬಿಗೆ ಹಲ್ಲುಜ್ಜುವ ಬ್ರಷ್, ಮೊಬೈಲ್ ಒತ್ತುವ ಸ್ಟೈಲಸ್ ಕೂಡ ಕೂರುತ್ತದೆ. ತಟ್ಟೆಗೆ ಎತ್ತರದ ಅಂಚಿರಲಿ, ಕೆಳಗೆ ಒದ್ದೆ ಬಟ್ಟೆ ಹಾಕಿದರೆ ಜಾರುವುದಿಲ್ಲ. ಮೊದಲ ದಿನ ಅನ್ನ ಸಾರು ಬೇಡ, ಚೆಲ್ಲಿ ಬೇಜಾರಾಗುತ್ತದೆ. ಉಪ್ಪಿಟ್ಟು, ಮೊಸರನ್ನದಂಥ ಅಂಟಿಕೊಳ್ಳುವುದನ್ನು ಕೊಡಿ. ಮುಕ್ಕಾಲು ಗಂಟೆ ಆದರೂ ಆಗಲಿ, ನೀವು ಕೈ ಹಾಕಬೇಡಿ.

ಮೂತ್ರದ ಪೈಪಿನ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ದಿನಕ್ಕೆ ಎರಡು ಲೀಟರ್ ಆಸುಪಾಸು ನೀರು ಹೋಗಲಿ. ಪೈಪ್ ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದು ಅದು ಯಾವ ತರಹದ್ದು ಎಂಬುದರ ಮೇಲಿದೆ, ಹಾಕಿದವರನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂತ್ರ ಸ್ವಲ್ಪ ಮಬ್ಬಾದ ಕೂಡಲೇ ಆ್ಯಂಟಿಬಯಾಟಿಕ್ ತಗೋಬೇಡಿ. ಜ್ವರ, ನಡುಕ, ಕಾಲಿನ ಸೆಳೆತ ಇದ್ದಕ್ಕಿದ್ದಂತೆ ಜಾಸ್ತಿಯಾಗುವುದು, ಇವು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಪೈಪನ್ನು ಪೂರ್ತಿ ತೆಗೆದು, ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳು ನಳಿಕೆ ಹಾಕಿ ಮೂತ್ರ ತೆಗೆಯುವ ವಿಧಾನ ಕಿಡ್ನಿಗೆ ಒಳ್ಳೆಯದು. ಆದರೆ ಬೆರಳಾಡದವರಿಗೆ ಬೇರೆಯವರೇ ಮಾಡಬೇಕು. ನಿಮ್ಮ ಮನೆಯಲ್ಲಿ ಅಷ್ಟು ಕೈಗಳಿವೆಯಾ ಎಂದು ನೋಡಿ ಯೂರಾಲಜಿ ಡಾಕ್ಟರ ಜೊತೆ ಮಾತಾಡಿ. ಹೊಕ್ಕುಳ ಕೆಳಗಿಂದ ಪೈಪ್ ಹಾಕುವ ದಾರಿಯೂ ಇದೆ. ಯಾವುದೇ ಆದರೂ ವರ್ಷಕ್ಕೊಮ್ಮೆ ಕಿಡ್ನಿ ಸ್ಕ್ಯಾನ್ ತಪ್ಪಿಸಬೇಡಿ.

ಮೋಷನ್ ವಿಷಯ ನೀವು ಬರೆದಿಲ್ಲ. ಬರೆಯಲು ನಾಚಿಕೆಯಾಗಿರಬಹುದು. ಅವರು ಮಾತು ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿರಬಹುದು ಅಂತ ನನಗನಿಸುತ್ತದೆ. ಯಾವ ಹೊತ್ತಿಗೆ ಏನಾಗುತ್ತದೋ ಎಂಬ ಹೆದರಿಕೆಯಲ್ಲಿ ಗಂಡಸರು ಊಟ ಕಡಿಮೆ ಮಾಡುತ್ತಾರೆ, ಮನೆಗೆ ಯಾರೂ ಬರುವುದು ಬೇಡ ಅನ್ನುತ್ತಾರೆ. ಇದಕ್ಕೆ ಹೊತ್ತು ಗೊತ್ತು ಮಾಡಿದರೆ ಅರ್ಧ ಕಷ್ಟ ಹೋಗುತ್ತದೆ. ಬೆಳಿಗ್ಗೆ ಕಾಫಿ, ತಿಂಡಿ ಆಗಿ ಅರ್ಧ ಗಂಟೆಗೆ ಕರುಳು ತಾನಾಗೇ ಚಲಿಸುತ್ತದೆ. ಆ ಹೊತ್ತನ್ನೇ ಹಿಡಿಯಿರಿ. ದಿನಾ ಇಲ್ಲವೇ ದಿನ ಬಿಟ್ಟು ದಿನ, ಆದರೆ ಅದೇ ಗಂಟೆಗೆ. ಎಡ ಮಗ್ಗುಲಿಗೆ ಮಲಗಿಸಿ. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಗುದದ್ವಾರದೊಳಗೆ ಕರುಳಿನ ಗೋಡೆಗೆ ತಾಗುವಂತೆ ಇಟ್ಟು ಕಾಲು ಗಂಟೆ ಕಾಯಿರಿ. ಆಮೇಲೆ ಗ್ಲೌಸ್ ಹಾಕಿ, ಜೆಲ್ ಹಚ್ಚಿದ ಬೆರಳನ್ನು ಒಳಗೆ ಮೆಲ್ಲಗೆ ಹದಿನೈದು ಇಪ್ಪತ್ತು ಸೆಕೆಂಡ್ ವೃತ್ತಾಕಾರವಾಗಿ ಆಡಿಸಿ. ಐದು ಹತ್ತು ನಿಮಿಷ ಬಿಟ್ಟು ಮತ್ತೆ. ಮೊದಲ ಸಲ ನರ್ಸ್ ಎದುರಲ್ಲಿ ಕಲಿಯಿರಿ. ಆ ಹೊತ್ತಲ್ಲಿ ತಲೆನೋವು, ಬೆವರು ಬಂದರೆ ನಿಲ್ಲಿಸಿ ಕೂರಿಸಿ. ಒಂದೆರಡು ತಿಂಗಳಲ್ಲಿ ಕರುಳು ಆ ಹೊತ್ತಿಗೆ ಒಗ್ಗುತ್ತದೆ. ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಬಾಗಿಲು ಹಾಕಿ, ಶುರು ಮಾಡಲಾ ಎಂದು ಅವರನ್ನು ಕೇಳಿ ಮಾಡಿ. ಆ ಕೇಳುವುದನ್ನು ಒಂದು ದಿನವೂ ಬಿಡಬೇಡಿ.

ಗಂಡ ಹೆಂಡತಿಯ ಸಲಿಗೆಯೂ ಇದರಿಂದ ಮುಗಿಯುವುದಿಲ್ಲ. ಮಕ್ಕಳಾಗುವುದಕ್ಕೂ ಚಿಕಿತ್ಸೆ ಇದೆ. ಪುನರ್ವಸತಿ ಡಾಕ್ಟರ ಹತ್ತಿರ ಇಬ್ಬರೂ ಕೂತು ಕೇಳಬಹುದು, ಅವರಿಗೆ ಇದು ದಿನನಿತ್ಯದ ಪ್ರಶ್ನೆ.

ಸ್ಟೆಮ್ ಸೆಲ್, ಅಂದರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ಅದರ ಬಗ್ಗೆ ನೇರವಾಗಿ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಅನುಮತಿ ಪಡೆದ ಪ್ರಯೋಗದ ಹೊರಗೆ ದುಡ್ಡು ತೆಗೆದುಕೊಂಡು ಕೊಡುವಂತಿಲ್ಲ. ದಯವಿಟ್ಟು ಅದಕ್ಕಾಗಿ ತೋಟ ಅಡವಿಡಬೇಡಿ. ಈ ಪೆಟ್ಟಿನಲ್ಲಿ ಮರಳುವ ಶಕ್ತಿಯಲ್ಲಿ ಹೆಚ್ಚಿನದು ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಮರಳುತ್ತದೆ. ಆ ಅವಧಿಯಲ್ಲಿ ದುಡ್ಡು ಹಾಕುವುದಾದರೆ ಒಳ್ಳೆ ಪುನರ್ವಸತಿಗೆ ಹಾಕಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿ ವಿಭಾಗವಿದೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪುನರ್ವಸತಿಗೆಂದೇ ಸಂಸ್ಥೆ ಇದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ 1954ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲೇ ಆಪರೇಷನ್ ಮಾಡಿದವರು. ಅಂಗವಿಕಲರಿಗಾಗಿ ಇರುವ ಬೆಂಗಳೂರಿನ ಎಪಿಡಿ ಸಂಸ್ಥೆಯೂ ಬೆನ್ನುಹುರಿ ಪೆಟ್ಟಾದವರ ಜೊತೆ ಕೆಲಸ ಮಾಡುತ್ತದೆ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಈ ವಾರವೇ ಮನೆಗೆ ಕರೆಯಿರಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಮಾಸಾಶನದ ಅರ್ಜಿ ಎಲ್ಲ ಅವರ ಮೂಲಕ ಆಗುತ್ತದೆ. ಶಿಬಿರದಲ್ಲಿ ಗಾಲಿಕುರ್ಚಿ ಕೊಡುತ್ತಾರೆ ಎಂದರೆ ಅಳತೆಗೆ ಸರಿಯಾಗಿದೆಯಾ ನೋಡಿ ತಗೊಳ್ಳಿ. ಅಗಲ ಜಾಸ್ತಿಯಾದ ಕುರ್ಚಿಯಲ್ಲಿ ಅವರು ಒಂದು ಕಡೆಗೆ ವಾಲಿ ಕೂತು ಬೆನ್ನು ಸೊಟ್ಟಗಾಗುತ್ತದೆ. ಹೊಸ್ತಿಲಿಗೆ ಇಳಿಜಾರು ಹಲಗೆ ಹಾಕುವಾಗ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು.

ಇನ್ನು ನೀವು. ಎರಡು ಗಂಟೆಗೊಮ್ಮೆ ಏಳುತ್ತಾ ಒಬ್ಬರೇ ಎಷ್ಟು ದಿನ ತಡೆಯುತ್ತೀರಿ? ಚರ್ಮ ಚೆನ್ನಾಗಾದ ಮೇಲೆ, ಒಳ್ಳೆ ಫೋಮ್ ಹಾಸಿಗೆ ಇದ್ದರೆ, ರಾತ್ರಿಯ ಮಧ್ಯಂತರವನ್ನು ಅರ್ಧರ್ಧ ಗಂಟೆ ಹೆಚ್ಚಿಸುತ್ತಾ ಹೋಗಬಹುದು. ಪ್ರತಿ ಸಲ ಬೆಳಿಗ್ಗೆ ಚರ್ಮ ನೋಡಿ, ಕೆಂಪು ಇಲ್ಲದಿದ್ದರೆ ಮಾತ್ರ ಮುಂದಕ್ಕೆ. ಹಲವರು ಮೂರು ನಾಲ್ಕು ಗಂಟೆಗೆ ತಲುಪುತ್ತಾರೆ. ವಾರದಲ್ಲಿ ಎರಡು ರಾತ್ರಿ ಮೈದುನನೋ ನಿಮ್ಮ ಅಣ್ಣನೋ ಬಂದು ಮಲಗಲಿ. ಬರುವವರಿಗೆ ನೀವು ಕಲಿಸಬೇಡಿ. ನಿಮ್ಮ ಮನೆಯವರೇ ಹೇಳಲಿ.

ಇದು ಬಾಯಿಮಾತಿಗೆ ಹೇಳುತ್ತಿಲ್ಲ ಅಮ್ಮಾ. ಅವರ ಮೈ ಈಗ ಸುದ್ದಿ ಕೊಡುವುದಿಲ್ಲ. ನೋವು, ಒತ್ತಡ, ಉರಿ ಹೇಳುತ್ತಿದ್ದದ್ದನ್ನೆಲ್ಲ ಇನ್ನು ಗಡಿಯಾರ ಮತ್ತು ಕಣ್ಣು ಹೇಳಬೇಕು. ಆ ಗಡಿಯಾರ ನೋಡುವ ಕೆಲಸ ನಿಮ್ಮದಾದರೆ ಅವರು ನೀವು ಸಾಕುವ ಮಗುವಾಗುತ್ತಾರೆ. ಅವರದಾದರೆ ತಮ್ಮ ಮೈಗೆ ತಾವೇ ಯಜಮಾನರು. ಕೈ ಬೇರೆಯವರದಿರಬಹುದು, ಲೆಕ್ಕ ಅವರದು. ಮಗ್ಗುಲು ಬದಲಿಸುವ ಅಲಾರಂ ಅವರ ಮೊಬೈಲಲ್ಲಿ ಇರಲಿ. ದಿನಾ ಸಂಜೆ ಅವರ ಬೆನ್ನು, ಸೊಂಟ, ಹಿಮ್ಮಡಿಯ ಫೋಟೋ ತೆಗೆದು ಅವರಿಗೇ ತೋರಿಸಿ, ಹೇಗಿದೆ ಎಂದು ಅವರೇ ಹೇಳಲಿ. ಮೊಬೈಲಿಗೆ ಈಗ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆಯುತ್ತದೆ, ಬೆರಳು ಬೇಕಿಲ್ಲ. ತೋಟದ ಆಳುಗಳ ಲೆಕ್ಕ, ಅಡಿಕೆ ಧಾರಣೆ ವಿಚಾರಿಸುವುದು, ಮಂಡಿಗೆ ಫೋನ್ ಮಾಡುವುದು, ಇಷ್ಟು ದಿನ ಇದನ್ನೆಲ್ಲ ಯಾರು ನೋಡುತ್ತಿದ್ದರು? ಅವರೇ ಅಲ್ವಾ? ಈ ತಿಂಗಳಿಂದಲೇ ಮರಳಿ ಅವರ ಕೈಗೆ ಕೊಡಿ. ಅದಾದ ಮೇಲೂ ಊಟ ಬಿಟ್ಟರೆ, ನಿದ್ದೆ ಬಾರದಿದ್ದರೆ, ಬದುಕಿ ಏನು ಅಂದರೆ ಮನೋವೈದ್ಯರಿಗೆ ತೋರಿಸಲು ತಡ ಮಾಡಬೇಡಿ. ಹೀಗೇ ಪೆಟ್ಟಾದ ಇನ್ನೊಬ್ಬರ ಜೊತೆ ಮಾತಾಡಿಸಿ. ತಮಿಳುನಾಡಿನ 19 ವರ್ಷದೊಳಗಿನ ಮಹಿಳಾ ಕ್ರಿಕೆಟ್ ತಂಡದ ನಾಯಕಿಯಾಗಿದ್ದ ಪ್ರೀತಿ ಶ್ರೀನಿವಾಸನ್ 1998ರಲ್ಲಿ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡರು. ಈಗ ತಿರುವಣ್ಣಾಮಲೈಯಲ್ಲಿ ಸೋಲ್‌ಫ್ರೀ ಎಂಬ ಸಂಸ್ಥೆ ನಡೆಸುತ್ತಾ ಇಂಥವರಿಗೇ ನೆರವಾಗುತ್ತಿದ್ದಾರೆ.

ಮಂಚದ ಎತ್ತರ, ಕುರ್ಚಿಯ ಸೀಟಿನ ಎತ್ತರ, ಬಚ್ಚಲ ಬಾಗಿಲ ಅಗಲ, ಈ ಮೂರನ್ನು ಅಳೆದು ಕಳಿಸಿ. ಮಂಚ ಮತ್ತು ಕುರ್ಚಿ ಒಂದೇ ಮಟ್ಟಕ್ಕೆ ಬಂದರೆ ನುಣುಪಾದ ಪ್ಲೈವುಡ್ ಹಲಗೆ ಮೇಲೆ ಜಾರಿಸಿ ದಾಟಿಸುವುದನ್ನು ಹೇಳಿಕೊಡುತ್ತೇನೆ. ಅಳತೆ ನೀವು ಹಿಡಿಯಿರಿ, ಮೊಬೈಲಿಗೆ ಹೇಳಿ ಬರೆಸುವುದು ಅವರದಾಗಿರಲಿ.